ರಿಪ್ಪನ್‌ಪೇಟೆಯ ಕಾಲೇಜು, ಬೆಂಗಳೂರಿನ ಆಯವ್ಯಯ
ತೆರಿಗೆಯ ಪುಟಗಳಾಚೆ ವರ್ತಕರು ಓದಬೇಕಾದ ಕೆಲವು ಲೆಕ್ಕಗಳು

ಸಾಗರ, ಹೊಸನಗರ, ತೀರ್ಥಹಳ್ಳಿ ಹಾಗೂ ಶಿವಮೊಗ್ಗದ ಕಡೆಯ ರಸ್ತೆಗಳು ಕೂಡುವ ಸ್ಥಳದಲ್ಲಿ ಬೆಳೆದ ರಿಪ್ಪನ್‌ಪೇಟೆಯು ಹೊಸನಗರ ತಾಲ್ಲೂಕಿನ ಪ್ರಮುಖ ವ್ಯಾಪಾರ ಕೇಂದ್ರಗಳಲ್ಲೊಂದಾಗಿದೆ. ಅಡಿಕೆ, ಭತ್ತ, ಶುಂಠಿಯ ಸುಗ್ಗಿಯನ್ನೇ ನೆಚ್ಚಿಕೊಂಡ ಇಂತಹ ಮಲೆನಾಡಿನ ಪೇಟೆಗಳಲ್ಲಿ ಅಂಗಡಿಯ ಲೆಕ್ಕ ಬರೆಯಲು, ಜಿಎಸ್‌ಟಿ ವಿವರಪತ್ರ ಸಿದ್ಧಪಡಿಸಲು, ಸಹಕಾರ ಸಂಘದ ಕಂಪ್ಯೂಟರ್ ಮುಂದೆ ಕುಳಿತು ಸಾಲದ ಖಾತೆಗಳನ್ನು ನಿರ್ವಹಿಸಲು ಯುವಕ ಯುವತಿಯರು ಬೇಕು. ಅವರಲ್ಲಿ ಬಹುಪಾಲು ಮಂದಿ ಬರುವುದು ಬೆಂಗಳೂರು, ಮಂಗಳೂರುಗಳ ಹೆಸರಾಂತ ಸಂಸ್ಥೆಗಳಿಂದಲ್ಲ. ಊರಿನ ಮತ್ತು ನೆರೆಯೂರುಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಂದ. ರಿಪ್ಪನ್‌ಪೇಟೆಯಲ್ಲಿ ಅಂತಹದೊಂದು ಕಾಲೇಜಿದೆ. ಹೊಸನಗರದಲ್ಲಿ ಕೊಡಚಾದ್ರಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿದೆ. ಸಾಗರದ ಲಾಲ್ ಬಹದ್ದೂರ್ ಕಾಲೇಜು, ತೀರ್ಥಹಳ್ಳಿಯ ತುಂಗಾ ಮಹಾವಿದ್ಯಾಲಯಗಳು ಸ್ಥಳೀಯರು ಕಟ್ಟಿ ಬೆಳೆಸಿದ ಸಂಸ್ಥೆಗಳ ಆಶ್ರಯದಲ್ಲಿ ನಡೆದುಬಂದಿವೆ.

ಈ ಕಾಲೇಜುಗಳ ಏಳುಬೀಳು ನಿರ್ಧಾರವಾಗುವುದು ರಾಜ್ಯ ಸರ್ಕಾರದ ವಾರ್ಷಿಕ ಆಯವ್ಯಯದಲ್ಲಿ. ಆಯವ್ಯಯ ಮಂಡನೆಯಾದ ದಿನ ವರ್ತಕ ಸಮುದಾಯವು ಯಾವ ತೆರಿಗೆ ಏರಿತು, ಯಾವುದು ಇಳಿಯಿತು ಎಂಬುದನ್ನು ಶ್ರದ್ಧೆಯಿಂದ ಗಮನಿಸುತ್ತದೆ. ಶಿಕ್ಷಣದ ಪುಟಗಳನ್ನು ತೆರೆದು ನೋಡುವವರು ವಿರಳ. ಆ ಪುಟಗಳಿಗೂ ಪೇಟೆಯ ವ್ಯವಹಾರಕ್ಕೂ ಇರುವ ಸಂಬಂಧವನ್ನು ತಿಳಿಯುವುದು ಇಂದಿನ ಅಗತ್ಯವಾಗಿದೆ.

ಹೆಸರಿನೊಂದಿಗೆ ಬಂದ ಪ್ರಶ್ನೆ

ರಿಪ್ಪನ್‌ಪೇಟೆಗೆ ಈ ಹೆಸರು ಬಂದದ್ದು 1880ರಿಂದ 1884ರವರೆಗೆ ಭಾರತದ ವೈಸರಾಯ್ ಆಗಿದ್ದ ಲಾರ್ಡ್ ರಿಪ್ಪನ್ ಅವರಿಂದ ಎಂಬುದು ಪ್ರತೀತಿ. ಮೈಸೂರು ಸಂಸ್ಥಾನದ ಆಡಳಿತವು 1881ರ ಮಾರ್ಚಿಯಲ್ಲಿ ಮರಳಿ ಒಡೆಯರ ವಂಶಕ್ಕೆ ದೊರೆತದ್ದು ಇವರ ಅವಧಿಯಲ್ಲಿಯೇ. 1882ರಲ್ಲಿ ಇವರು ಎರಡು ಮಹತ್ವದ ಕ್ರಮಗಳನ್ನು ಕೈಗೊಂಡರು. ಒಂದು, ಸ್ಥಳೀಯ ಸ್ವಯಮಾಡಳಿತದ ನಿರ್ಣಯ. ಇನ್ನೊಂದು, ಹಂಟರ್ ಅವರ ಅಧ್ಯಕ್ಷತೆಯಲ್ಲಿ ಶಿಕ್ಷಣ ಆಯೋಗದ ನೇಮಕ. ಪ್ರಾಥಮಿಕ ಶಿಕ್ಷಣವನ್ನು ಸ್ಥಳೀಯ ಮಂಡಳಿಗಳಿಗೆ ವಹಿಸಬೇಕು, ಅದಕ್ಕಿಂತ ಮೇಲಿನ ಶಿಕ್ಷಣದಲ್ಲಿ ಸರ್ಕಾರವು ಸಹಾಯಾನುದಾನ ನೀಡುತ್ತ ಖಾಸಗಿ ಪ್ರಯತ್ನಗಳನ್ನು ಪ್ರೋತ್ಸಾಹಿಸಿ ಕ್ರಮೇಣ ಹಿಂದೆ ಸರಿಯಬೇಕು ಎಂಬುದು ಆ ಆಯೋಗದ ಶಿಫಾರಸುಗಳ ಸಾರ.

ಆಯೋಗದ ಶಿಫಾರಸುಗಳು ಬ್ರಿಟಿಷ್ ಆಡಳಿತದ ಪ್ರಾಂತ್ಯಗಳಿಗಾಗಿ ಹೊರಟವು. ಮೈಸೂರು ತನ್ನದೇ ದಾರಿಯಲ್ಲಿ ನಡೆಯಿತು. ಆದರೆ ಆಯೋಗವು ಎತ್ತಿದ ಪ್ರಶ್ನೆಗೆ ಇಂದಿಗೂ ಅಂತಿಮ ಉತ್ತರ ದೊರೆತಿಲ್ಲ. ಊರಿನ ಕಾಲೇಜಿನ ವೆಚ್ಚವನ್ನು ಹೊರಬೇಕಾದವರು ಯಾರು? ಸರ್ಕಾರವೇ, ಊರಿನವರೇ, ವಿದ್ಯಾರ್ಥಿಯೇ?

ಮೈಸೂರಿನಲ್ಲಿ ಈ ಪ್ರಶ್ನೆಯನ್ನು ವರ್ತಕರು ಆಡಳಿತದ ಮುಂದೆ ಎತ್ತಬಹುದಾದ ವೇದಿಕೆಯೂ ಬೇಗನೆ ಒದಗಿತು. ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಆರಂಭಿಸಿದ ಪ್ರಜಾಪ್ರತಿನಿಧಿ ಸಭೆಯ ಮೊದಲ ಅಧಿವೇಶನದಲ್ಲಿ 144 ಸದಸ್ಯರಿದ್ದರು. ಭೂಹಿಡುವಳಿದಾರರ ಜೊತೆಯಲ್ಲಿ ವರ್ತಕರಿಗೂ ಅಲ್ಲಿ ಸ್ಥಾನ ದೊರೆತಿತ್ತು. 1916ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ವಿಶ್ವವಿದ್ಯಾಲಯ ಮತ್ತು ಮೈಸೂರು ವಾಣಿಜ್ಯ ಮಂಡಳಿ ಎರಡೂ ಒಂದೇ ವರ್ಷ ಸ್ಥಾಪನೆಗೊಂಡವು. ವಿದ್ಯೆ ಮತ್ತು ವಾಣಿಜ್ಯ ಬೇರೆ ಬೇರೆ ಇಲಾಖೆಗಳ ವಿಷಯವೆಂದು ಆ ಕಾಲದವರು ಭಾವಿಸಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸಮುದಾಯ ಕಾಲೇಜು ಎಂಬ ಕಲ್ಪನೆ

ಅಮೆರಿಕದಲ್ಲಿ ಸಮುದಾಯ ಕಾಲೇಜು ಎಂಬ ವ್ಯವಸ್ಥೆಯು ಶತಮಾನಕ್ಕೂ ಹಳೆಯದು. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಆರಂಭವಾದ ಕಾಲೇಜನ್ನು ಅದರ ಮೂಲವೆಂದು ಗುರುತಿಸಲಾಗುತ್ತದೆ. ಮನೆಯ ಸಮೀಪ, ಕಡಿಮೆ ಶುಲ್ಕದಲ್ಲಿ, ಎರಡು ವರ್ಷಗಳ ಉದ್ಯೋಗಾಭಿಮುಖ ಶಿಕ್ಷಣ ನೀಡುವುದು ಅದರ ಗುರಿ. ಅದರ ಆದಾಯಕ್ಕೆ ಸಾಮಾನ್ಯವಾಗಿ ಮೂರು ಕಾಲುಗಳು: ರಾಜ್ಯದ ಅನುದಾನ, ಸ್ಥಳೀಯ ಆಸ್ತಿ ತೆರಿಗೆ ಮತ್ತು ವಿದ್ಯಾರ್ಥಿ ಶುಲ್ಕ. ಒಂದು ಕಾಲು ಕುಂಟಿದರೆ ಉಳಿದೆರಡರ ಮೇಲೆ ಭಾರ ಬೀಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1978ರ ಜನಮತಸಂಗ್ರಹವು ಆಸ್ತಿ ತೆರಿಗೆಗೆ ಮಿತಿ ಹಾಕಿದಾಗ ಕಾಲೇಜುಗಳು ರಾಜ್ಯದ ಖಜಾನೆಯನ್ನೇ ಅವಲಂಬಿಸಬೇಕಾಯಿತು. 1988ರಲ್ಲಿ ಅಲ್ಲಿನ ಮತದಾರರು ಶಾಲೆಗಳಿಗೂ ಸಮುದಾಯ ಕಾಲೇಜುಗಳಿಗೂ ಕನಿಷ್ಠ ಅನುದಾನದ ಖಾತರಿಯನ್ನು ರಾಜ್ಯದ ಸಂವಿಧಾನದಲ್ಲಿಯೇ ಸೇರಿಸಿದರು.

ಭಾರತದಲ್ಲಿ ಈ ಪ್ರಯೋಗವು 1995ರಲ್ಲಿ ಪುದುಚೇರಿ ವಿಶ್ವವಿದ್ಯಾಲಯದಿಂದ ಮೊದಲ್ಗೊಂಡಿತು. ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ (2012–17) ಅವಧಿಯಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಸಮುದಾಯ ಕಾಲೇಜುಗಳ ಯೋಜನೆಯನ್ನು ಪ್ರಕಟಿಸಿ ಆಯ್ದ ಕಾಲೇಜುಗಳಿಗೆ ನೆರವು ನೀಡಿತು. ಯೋಜನಾವಧಿಗೆ ಅಂಟಿಕೊಂಡ ಅನುದಾನಗಳ ಸ್ವಭಾವ ಲೆಕ್ಕಪರಿಶೋಧಕರಿಗೆ ಚಿರಪರಿಚಿತ: ಅವಧಿ ಮುಗಿದೊಡನೆ ಹಣವೂ ಮುಗಿಯುತ್ತದೆ, ಆದರೆ ನೇಮಕಗೊಂಡವರು ಮತ್ತು ಸೇರಿಕೊಂಡ ವಿದ್ಯಾರ್ಥಿಗಳು ಉಳಿಯುತ್ತಾರೆ.

ಹೀಗಾಗಿ ಕರ್ನಾಟಕದ ಸಣ್ಣ ಊರುಗಳಲ್ಲಿ ಹೆಸರಿಗೆ ಅಲ್ಲದಿದ್ದರೂ ಕಾರ್ಯತಃ ಸಮುದಾಯ ಕಾಲೇಜುಗಳಾಗಿ ಉಳಿದಿರುವುದು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು. ಆದರೆ ಇವುಗಳಿಗೆ ಸ್ಥಳೀಯ ತೆರಿಗೆಯೆಂಬ ಎರಡನೆಯ ಕಾಲಿಲ್ಲ. ಗ್ರಾಮ ಪಂಚಾಯಿತಿಯು ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯ ಕರವನ್ನು ಶೇ. 6ರಂತೆ ವಸೂಲು ಮಾಡುತ್ತದೆ; ಕಾಲೇಜಿಗೆಂದು ಯಾವ ಕರವೂ ಇಲ್ಲ. ವಿದ್ಯಾರ್ಥಿ ಶುಲ್ಕ ಅತ್ಯಲ್ಪ. ಒಂಟಿ ಕಾಲಿನ ಮೇಲೆ, ಅಂದರೆ ರಾಜ್ಯದ ಆಯವ್ಯಯದ ಮೇಲೆ, ಇಡೀ ಸಂಸ್ಥೆ ನಿಂತಿದೆ.

ಹೆಚ್ಚಳದಂತೆ ತೋರುವ ಇಳಿಕೆ

ಯಾವ ಸರ್ಕಾರವೂ ಶಿಕ್ಷಣದ ಅನುದಾನವನ್ನು ಕಡಿತಗೊಳಿಸಿದ್ದೇವೆಂದು ಭಾಷಣದಲ್ಲಿ ಓದುವುದಿಲ್ಲ. ಅಂಕಿಗಳು ಏರುತ್ತಲೇ ಇರುತ್ತವೆ. ಆದ್ದರಿಂದ ಮೊತ್ತದ ಜೊತೆಗೆ ಪ್ರಮಾಣವನ್ನೂ ನೋಡಬೇಕು.

2024ರ ಫೆಬ್ರುವರಿಯಲ್ಲಿ ಮಂಡಿಸಲಾದ 2024–25ನೆಯ ಸಾಲಿನ ರಾಜ್ಯ ಆಯವ್ಯಯದ ಒಟ್ಟು ಗಾತ್ರ 3,71,383 ಕೋಟಿ ರೂಪಾಯಿ. ಶಿಕ್ಷಣಕ್ಕೆ ಒದಗಿಸಿದ್ದು 44,422 ಕೋಟಿ. 2025ರ ಮಾರ್ಚ್ 7ರಂದು ಮಂಡನೆಯಾದ 2025–26ನೆಯ ಸಾಲಿನ ಆಯವ್ಯಯದ ಗಾತ್ರ 4,09,549 ಕೋಟಿ. ಶಿಕ್ಷಣಕ್ಕೆ 45,286 ಕೋಟಿ. ಅಂದರೆ ಶಿಕ್ಷಣದ ಮೊತ್ತ 864 ಕೋಟಿಯಷ್ಟು ಹೆಚ್ಚಿತು. ಶೇಕಡಾವಾರು ಲೆಕ್ಕ ಹಾಕಿದರೆ ಒಟ್ಟು ಆಯವ್ಯಯ ಶೇ. 10ಕ್ಕೂ ಹೆಚ್ಚು ಬೆಳೆದಾಗ ಶಿಕ್ಷಣದ ಪಾಲು ಬೆಳೆದದ್ದು ಶೇ. 2ಕ್ಕಿಂತ ಕಡಿಮೆ. ಒಟ್ಟು ಗಾತ್ರದಲ್ಲಿ ಶಿಕ್ಷಣದ ಪ್ರಮಾಣ ಸುಮಾರು ಶೇ. 12ರಿಂದ ಶೇ. 11ಕ್ಕೆ ಇಳಿಯಿತು. ವೇತನ, ತುಟ್ಟಿಭತ್ಯೆ, ವಿದ್ಯುತ್, ದುರಸ್ತಿ ಎಲ್ಲವೂ ಬೆಲೆಯೇರಿಕೆಗೆ ಅನುಗುಣವಾಗಿ ಹೆಚ್ಚುವಾಗ ಶೇ. 2ರ ಹೆಚ್ಚಳವೆಂದರೆ ವಾಸ್ತವವಾಗಿ ಇಳಿಕೆಯೇ ಸರಿ.

ಈ ಮೊತ್ತದಲ್ಲಿ ಸಿಂಹಪಾಲು ಶಾಲಾ ಶಿಕ್ಷಣದ್ದು. ಉಳಿದುದರಲ್ಲಿ ವಿಶ್ವವಿದ್ಯಾಲಯಗಳು, ಪದವಿ ಕಾಲೇಜುಗಳು, ಪಾಲಿಟೆಕ್ನಿಕ್‌ಗಳು ಹಂಚಿಕೊಳ್ಳಬೇಕು. ಸರ್ಕಾರದ ಕೈಯೂ ಬಿಗಿಯಾಗಿದೆ ಎಂಬುದನ್ನು ನ್ಯಾಯವಾಗಿ ಒಪ್ಪಬೇಕು. 2025–26ರ ಅಂದಾಜಿನಲ್ಲಿ ರಾಜಸ್ವ ಕೊರತೆ 19,262 ಕೋಟಿ, ವಿತ್ತೀಯ ಕೊರತೆ 90,428 ಕೋಟಿ ರೂಪಾಯಿ. ಐದು ಗ್ಯಾರಂಟಿ ಯೋಜನೆಗಳಿಗೆ ಸುಮಾರು 51,000 ಕೋಟಿ ಮೀಸಲಾಯಿತು. ವಿತ್ತೀಯ ಹೊಣೆಗಾರಿಕೆ ಅಧಿನಿಯಮವನ್ನು 2002ರಲ್ಲಿಯೇ ಜಾರಿಗೆ ತಂದ ರಾಜ್ಯವು ವಿತ್ತೀಯ ಕೊರತೆಯನ್ನು ಒಟ್ಟು ಆಂತರಿಕ ಉತ್ಪನ್ನದ ಶೇ. 3ರೊಳಗೆ ಹಿಡಿದಿಡಲು ಹೆಣಗುತ್ತಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಸರಿ. ಆದರೆ ಪ್ರತಿ ಸಲವೂ ಮಡಚಬೇಕಾದದ್ದು ಸಣ್ಣ ಊರಿನ ಕಾಲೇಜಿನ ಕಾಲೇ ಏಕೆ ಎಂದು ಕೇಳುವ ಹಕ್ಕು ತೆರಿಗೆದಾರರಿಗಿದೆ.

ಖಾಲಿ ಹುದ್ದೆಯೆಂಬ ಮೌನ ಕಡಿತ

ಕಡಿತವು ನೇರವಾಗಿ ಬರುವುದಿಲ್ಲ. ನಿವೃತ್ತರಾದ ಅಧ್ಯಾಪಕರ ಸ್ಥಾನ ತುಂಬದೆ ಉಳಿಯುತ್ತದೆ. ಹುದ್ದೆ ಮಂಜೂರಾಗಿಯೇ ಇರುತ್ತದೆ. ಭರ್ತಿಗೆ ಆರ್ಥಿಕ ಇಲಾಖೆಯ ಅನುಮತಿ ಬರುವುದಿಲ್ಲ. ಕಾಗದದ ಮೇಲೆ ವಿಭಾಗವಿದೆ, ತರಗತಿಯಲ್ಲಿ ಅಧ್ಯಾಪಕರಿಲ್ಲ. ರಾಜ್ಯವು 2021ರಲ್ಲಿ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಅಧಿಸೂಚನೆ ಹೊರಡಿಸಿತು. 2022ರ ಮಾರ್ಚಿಯಲ್ಲಿ ಪರೀಕ್ಷೆ ನಡೆಯಿತು. ನೇಮಕಾತಿ ಪೂರ್ಣಗೊಳ್ಳಲು ಮತ್ತೂ ಕಾಲ ಹಿಡಿಯಿತು. ಈ ನಡುವಿನ ತೆರಪನ್ನು ತುಂಬುವವರು ಅತಿಥಿ ಉಪನ್ಯಾಸಕರು.

2021ರ ಡಿಸೆಂಬರಿನಲ್ಲಿ ಇವರು ತರಗತಿ ಬಹಿಷ್ಕರಿಸಿ ಮುಷ್ಕರ ಹೂಡಿದಾಗ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಅವರ ಸಂಖ್ಯೆ 14,000ವನ್ನು ಮೀರಿತ್ತು. ಅಲ್ಲಿಯವರೆಗೆ ಅರ್ಹತೆಗೆ ಅನುಗುಣವಾಗಿ ತಿಂಗಳಿಗೆ 11,000ದಿಂದ 13,000 ರೂಪಾಯಿ ಗೌರವಧನ ದೊರೆಯುತ್ತಿತ್ತು. 2022ರ ಜನವರಿಯಲ್ಲಿ ಸರ್ಕಾರವು ಅದನ್ನು 26,000ದಿಂದ 32,000 ರೂಪಾಯಿಗೆ ಹೆಚ್ಚಿಸಿತು. ಜೊತೆಯಲ್ಲಿಯೇ ವಾರದ ಬೋಧನಾವಧಿಯನ್ನು 15 ಗಂಟೆಗೆ ಏರಿಸಿತು. ಒಬ್ಬರಿಗೆ ಹೆಚ್ಚು ತರಗತಿಗಳು ಹೋದುದರಿಂದ ಹಲವರಿಗೆ ಅವಕಾಶವೇ ತಪ್ಪಿತು. 2023ರ ನವೆಂಬರಿನಲ್ಲಿ ಮತ್ತೆ ಮುಷ್ಕರ ನಡೆಯಿತು. 2024ರ ಜನವರಿಯಿಂದ ಅನ್ವಯವಾಗುವಂತೆ ಸೇವಾವಧಿಯನ್ನು ಆಧರಿಸಿ 5,000ದಿಂದ 8,000 ರೂಪಾಯಿ ಹೆಚ್ಚಳ ಪ್ರಕಟವಾಯಿತು.

ಹೆಚ್ಚಳವು ನ್ಯಾಯಸಮ್ಮತವೇ. ಆದರೆ ಎರಡೂ ಸಂದರ್ಭಗಳಲ್ಲಿ ಶೈಕ್ಷಣಿಕ ವರ್ಷದ ನಡುವೆ ವಾರಗಟ್ಟಲೆ ಪಾಠ ನಿಂತುಹೋಯಿತು ಎಂಬುದನ್ನು ಮರೆಯಲಾಗದು. ಕಾಯಂ ಅಧ್ಯಾಪಕರು ಸಾಕಷ್ಟಿರುವ ನಗರದ ಕಾಲೇಜು ಅಂತಹ ದಿನಗಳನ್ನು ಹೇಗೋ ತಳ್ಳುತ್ತದೆ. ವಿಭಾಗಕ್ಕೆ ಒಬ್ಬರೋ ಇಬ್ಬರೋ ಇರುವ ಸಣ್ಣ ಕಾಲೇಜಿನಲ್ಲಿ ಲೆಕ್ಕಶಾಸ್ತ್ರದ ಪಾಠ ನಿಂತರೆ ನಿಂತಂತೆಯೇ. ಆ ವರ್ಷದ ಬಿ.ಕಾಂ. ವಿದ್ಯಾರ್ಥಿಯು ಪದವಿಪತ್ರದೊಡನೆ ಅಂಗಡಿಗೆ ಬಂದಾಗ ತಾಳೆಪಟ್ಟಿ ಹೊಂದಿಸಲು ತಡವರಿಸಿದರೆ ಅದರ ಕಾರಣ ಆಯವ್ಯಯದ ಪುಟಗಳಲ್ಲಿ ಅಡಗಿರುತ್ತದೆ.

ಒಂಬತ್ತು ವಿಶ್ವವಿದ್ಯಾಲಯಗಳ ಪಾಠ

ಸಂಸ್ಥೆಯನ್ನು ಸ್ಥಾಪಿಸುವುದು ಸುಲಭ, ನಡೆಸುವುದು ಕಠಿಣ ಎಂಬುದಕ್ಕೆ ರಾಜ್ಯದ ಹೊಸ ವಿಶ್ವವಿದ್ಯಾಲಯಗಳೇ ನಿದರ್ಶನ. 2022ರಲ್ಲಿ ಕಾಯ್ದೆ ತಿದ್ದುಪಡಿಯ ಮೂಲಕ ಚಾಮರಾಜನಗರ, ಹಾಸನ, ಕೊಡಗು, ಹಾವೇರಿ, ಕೊಪ್ಪಳ, ಬಾಗಲಕೋಟೆ, ಬೀದರ್‌ಗಳಲ್ಲಿ ಹೊಸ ವಿಶ್ವವಿದ್ಯಾಲಯಗಳು ರೂಪುಗೊಂಡವು. ಆರಂಭಕ್ಕೆಂದು ತಲಾ 2 ಕೋಟಿ ರೂಪಾಯಿಯ ಮಾತು ಕೇಳಿಬಂತು. ಒಂದು ಮಧ್ಯಮ ಗಾತ್ರದ ಗೋದಾಮು ಕಟ್ಟುವವರಿಗೂ ಆ ಮೊತ್ತದ ಮಿತಿ ಅರ್ಥವಾದೀತು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯು ಹಣಕಾಸಿನ ಕೊರತೆಯನ್ನು ಮುಂದಿಟ್ಟು, ಹತ್ತು ಹೊಸ ವಿಶ್ವವಿದ್ಯಾಲಯಗಳಲ್ಲಿ ಬೀದರ್ ಹೊರತುಪಡಿಸಿ ಉಳಿದ ಒಂಬತ್ತನ್ನು ಮುಂದುವರಿಸದಿರುವ ನಿಲುವಿಗೆ ಬಂದಿತು. ಸಂಬಂಧಿಸಿದ ಜಿಲ್ಲೆಗಳಲ್ಲಿ ವಿದ್ಯಾರ್ಥಿ ಸಂಘಟನೆಗಳಿಂದಲೂ ಸಾರ್ವಜನಿಕರಿಂದಲೂ ವಿರೋಧ ವ್ಯಕ್ತವಾಯಿತು.

ಶಿವಮೊಗ್ಗ ಜಿಲ್ಲೆಯ ಕಾಲೇಜುಗಳು 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿರುವುದರಿಂದ ಆ ಪಟ್ಟಿಯ ಬಿಸಿ ಇಲ್ಲಿಗೆ ನೇರವಾಗಿ ತಟ್ಟಲಿಲ್ಲ. ಆದರೂ ಪಾಠ ಎಲ್ಲರಿಗೂ ಒಂದೇ. ಅನಾವರ್ತಕ ವೆಚ್ಚದ ಘೋಷಣೆಯನ್ನು ಸ್ವಾಗತಿಸಿ ಹಾರ ಹಾಕುವ ಊರು, ಆವರ್ತಕ ವೆಚ್ಚಕ್ಕೆ ಹಣ ಎಲ್ಲಿಂದ ಎಂದು ಅದೇ ದಿನ ಕೇಳಬೇಕು. ಕಟ್ಟಡಕ್ಕೆ ಶಂಕುಸ್ಥಾಪನೆ ಮಾಡುವವರು ಸಿಗುತ್ತಾರೆ. ಸೀಮೆಸುಣ್ಣಕ್ಕೆ, ಸಂಬಳಕ್ಕೆ ಸಿಗುವವರು ಕಡಿಮೆ.

ವರ್ತಕರಿಗೆ ಈ ಗೊಡವೆ ಏಕೆ?

ಸರಳವಾದ ಲೆಕ್ಕವೊಂದನ್ನು ಊಹಿಸಿಕೊಳ್ಳಬಹುದು. ಸಣ್ಣ ಕಾಲೇಜೊಂದರಲ್ಲಿ ಹತ್ತು ಮಂದಿ ಅತಿಥಿ ಉಪನ್ಯಾಸಕರಿಗೆ ತಲಾ 30,000 ರೂಪಾಯಿಯಂತೆ ಹತ್ತು ತಿಂಗಳು ಗೌರವಧನ ನೀಡಿದರೆ ವರ್ಷಕ್ಕೆ 30 ಲಕ್ಷವಾಗುತ್ತದೆ. ಬೋಧಕರಿಲ್ಲವೆಂದು ನೂರು ವಿದ್ಯಾರ್ಥಿಗಳು ಊರು ಬಿಟ್ಟು ನಗರದಲ್ಲಿ ಬಾಡಿಗೆ ಕೊಠಡಿ ಹಿಡಿದರೆ, ಊಟ ವಸತಿಗೆ ತಿಂಗಳಿಗೆ 5,000 ರೂಪಾಯಿಯೆಂದು ಹಿಡಿದರೂ ಹತ್ತು ತಿಂಗಳಿಗೆ 50 ಲಕ್ಷ ರೂಪಾಯಿ ಆ ಕುಟುಂಬಗಳ ಕೈಬಿಡುತ್ತದೆ. ಸರ್ಕಾರ ಉಳಿಸಿದ 30 ಲಕ್ಷಕ್ಕೆ ಊರು ತೆರುವ ದಂಡ 50 ಲಕ್ಷ. ಆ ಹಣ ಇಲ್ಲಿಯ ದಿನಸಿ, ಬಟ್ಟೆ, ಪುಸ್ತಕದ ಅಂಗಡಿಗಳಿಗೆ ಬರಬೇಕಾದದ್ದು.

ನಗರಕ್ಕೆ ಕಳುಹಿಸಲಾಗದ ಮನೆಗಳದು ಬೇರೆಯೇ ಕಥೆ. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸುಗಳಿಗೆ ಸೀಮಿತ. ಖಾಸಗಿ ಬಸ್ಸುಗಳೇ ಹೆಚ್ಚಾಗಿರುವ ಮಲೆನಾಡಿನ ಮಾರ್ಗಗಳಲ್ಲಿ, ಕಾಡಂಚಿನ ಹಳ್ಳಿಯ ಹೆಣ್ಣುಮಗಳಿಗೆ ಊರಿನ ಕಾಲೇಜು ಮುಚ್ಚಿದರೆ ಓದೇ ಮುಗಿಯಿತು. ಲಿಂಗನಮಕ್ಕಿ ಜಲಾಶಯದಲ್ಲಿ ಭೂಮಿ ಕಳೆದುಕೊಂಡ ಕುಟುಂಬಗಳ ಮೂರನೆಯ ತಲೆಮಾರು ಇಂದು ಪದವಿ ತರಗತಿಯಲ್ಲಿ ಕುಳಿತಿದೆ. ನಾಡಿಗೆ ಬೆಳಕು ಕೊಟ್ಟ ಸೀಮೆಗೆ ಕಾಲೇಜೊಂದನ್ನು ಸರಿಯಾಗಿ ನಡೆಸಿಕೊಡುವುದು ಉಪಕಾರವೇನೂ ಅಲ್ಲ.

ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ಹಾಗೂ ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ ನೀಡುವ ಯುವನಿಧಿ ಯೋಜನೆಗೆ 2024ರ ಜನವರಿ 12ರಂದು ಚಾಲನೆ ದೊರೆತದ್ದು ಶಿವಮೊಗ್ಗದಲ್ಲಿಯೇ. ಎರಡು ವರ್ಷಗಳ ಅವಧಿಗೆ ಒಬ್ಬ ಪದವೀಧರನಿಗೆ ಗರಿಷ್ಠ 72,000 ರೂಪಾಯಿ ಸಂದಾಯವಾಗುತ್ತದೆ. ಆ ನೆರವು ಅಗತ್ಯವಿರುವವರಿಗೆ ಸಿಗಲಿ. ಆದರೆ ಕಲಿಯುವ ಮೂರು ವರ್ಷಗಳಲ್ಲಿ ಬೋಧಕರನ್ನು ಒದಗಿಸಿ ಕೆಲಸಕ್ಕೆ ಯೋಗ್ಯನನ್ನಾಗಿ ಮಾಡಿದರೆ ಅನಂತರದ ಎರಡು ವರ್ಷಗಳ ಭತ್ಯೆಯ ಭಾರವೂ ಇಳಿಯುತ್ತದೆ ಎಂಬುದನ್ನು ಸರ್ಕಾರದ ಗಮನಕ್ಕೆ ತರಬೇಕಾದವರು ಉದ್ಯೋಗ ನೀಡುವವರೇ.

ಇನ್ನೊಂದು ಕಾರಣವೂ ಇದೆ. ಮೌಲ್ಯವರ್ಧಿತ ತೆರಿಗೆಯ ಕಾಲದಲ್ಲಿ (2005–2017) ವಾಣಿಜ್ಯ ಸಂಘಗಳ ಆಯವ್ಯಯಪೂರ್ವ ಮನವಿಪತ್ರಗಳು ತೆರಿಗೆ ದರಗಳ ಸುತ್ತಲೇ ತಿರುಗುತ್ತಿದ್ದವು. 2017ರ ಜುಲೈ 1ರಿಂದ ಆ ಅಧಿಕಾರ ಬಹುಮಟ್ಟಿಗೆ ಜಿಎಸ್‌ಟಿ ಮಂಡಳಿಗೆ ಹೋಯಿತು. ರಾಜ್ಯದ ಕೈಯಲ್ಲಿ ಉಳಿದಿರುವುದು ವೃತ್ತಿ ತೆರಿಗೆ, ಅಬಕಾರಿ, ಮುದ್ರಾಂಕ, ವಾಹನ ತೆರಿಗೆಯಂತಹ ಕೆಲವು ಬಾಬುಗಳು ಮಾತ್ರ. ರಾಜ್ಯ ಆಯವ್ಯಯದಲ್ಲಿ ಇಂದು ನಿಜವಾದ ತೀರ್ಮಾನಗಳಾಗುವುದು ವೆಚ್ಚದ ಭಾಗದಲ್ಲಿ. ವರ್ತಕರ ಮನವಿಯೂ ಆ ಭಾಗಕ್ಕೆ ತಿರುಗಬೇಕಾಗಿದೆ.

ಯಾವ ಪುಟ, ಯಾವ ಕಾಲ

ಆಯವ್ಯಯದ ಸಂಪುಟಗಳಲ್ಲಿ ಶಿಕ್ಷಣವು ಬೇಡಿಕೆ ಸಂಖ್ಯೆ 17ರಡಿ ಬರುತ್ತದೆ. ಲೆಕ್ಕಶೀರ್ಷಿಕೆ 2202 ಸಾಮಾನ್ಯ ಶಿಕ್ಷಣ. ಅದರ ಉಪಶೀರ್ಷಿಕೆ 03 ವಿಶ್ವವಿದ್ಯಾಲಯ ಮತ್ತು ಉನ್ನತ ಶಿಕ್ಷಣ. 2203 ತಾಂತ್ರಿಕ ಶಿಕ್ಷಣ. 4202ರಲ್ಲಿ ಕಟ್ಟಡ ಮುಂತಾದ ಬಂಡವಾಳ ವೆಚ್ಚ. ಕೈಗಾರಿಕಾ ತರಬೇತಿ ಸಂಸ್ಥೆಗಳು ಕಾರ್ಮಿಕ ಮತ್ತು ಉದ್ಯೋಗದ 2230ರಲ್ಲಿವೆ. ಪ್ರತಿ ಬಾಬಿನ ಎದುರಿನಲ್ಲಿ ಹಿಂದಿನ ವರ್ಷದ ವಾಸ್ತವ ಲೆಕ್ಕ, ಚಾಲ್ತಿ ವರ್ಷದ ಆಯವ್ಯಯ ಅಂದಾಜು, ಪರಿಷ್ಕೃತ ಅಂದಾಜು ಮತ್ತು ಮುಂದಿನ ವರ್ಷದ ಅಂದಾಜು ಇರುತ್ತವೆ. ಭಾಷಣದಲ್ಲಿ ಓದುವುದು ಕೊನೆಯ ಕಲಂ. ಸತ್ಯ ಇರುವುದು ಮೊದಲಿನ ಕಲಂಗಳಲ್ಲಿ. ಅಂದಾಜಿಗಿಂತ ಪರಿಷ್ಕೃತ ಅಂದಾಜು, ಅದಕ್ಕಿಂತ ವಾಸ್ತವ ವೆಚ್ಚ ಕಡಿಮೆಯಾಗುತ್ತ ಬಂದಿದ್ದರೆ ಘೋಷಣೆಯಾದ ಹಣ ಕಾಲೇಜಿಗೆ ತಲುಪಲಿಲ್ಲವೆಂದೇ ಅರ್ಥ. ವ್ಯಾಪಾರಿಯು ಗಿರಾಕಿಯ ಮಾತಿಗಿಂತ ಅವನ ಹಳೆಯ ಖಾತೆಯನ್ನು ನಂಬುವಂತೆ, ಇಲ್ಲಿಯೂ ಹಳೆಯ ಲೆಕ್ಕವನ್ನೇ ನಂಬಬೇಕು.

ಕಾಲದ ವಿಷಯದಲ್ಲಿ ಸಂಘ ಸಂಸ್ಥೆಗಳು ಸಾಮಾನ್ಯವಾಗಿ ಎಡವುತ್ತವೆ. ಆಯವ್ಯಯಪೂರ್ವ ಸಮಾಲೋಚನಾ ಸಭೆಗಳು ನಡೆಯುವುದು ಜನವರಿ, ಫೆಬ್ರುವರಿಯಲ್ಲಿ. ಅಷ್ಟರಲ್ಲಿ ಇಲಾಖೆಗಳು ತಮ್ಮ ಪ್ರಸ್ತಾವನೆಗಳನ್ನು ಆರ್ಥಿಕ ಇಲಾಖೆಗೆ ಸಲ್ಲಿಸಿಯಾಗಿರುತ್ತದೆ. ಆಗ ಕೊಟ್ಟ ಮನವಿಪತ್ರವು ಕೋಟೆ ಕೊಳ್ಳೆಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಕಾಲೇಜಿನ ಪ್ರಾಚಾರ್ಯರ ಅಗತ್ಯಪಟ್ಟಿಯು ಮಳೆಗಾಲ ಮುಗಿಯುವುದರೊಳಗೆ ಸಿದ್ಧವಾಗಿ, ಕಾಲೇಜು ಮತ್ತು ತಾಂತ್ರಿಕ ಶಿಕ್ಷಣ ಇಲಾಖೆಯನ್ನು ದಸರೆಯ ಹೊತ್ತಿಗೆ ತಲುಪಿದರೆ ಫಲ ಕಾಣುವ ಸಂಭವ ಹೆಚ್ಚು. ಅಲ್ಲಿ ತಪ್ಪಿದ್ದು ಪೂರಕ ಅಂದಾಜುಗಳಲ್ಲಿ ಸೇರಲು ಮತ್ತೊಂದು ಅವಕಾಶವಿದೆ. ಅವು ಮಂಡನೆಯಾಗುವುದು ಸಾಮಾನ್ಯವಾಗಿ ಮಳೆಗಾಲದ ಹಾಗೂ ಚಳಿಗಾಲದ ಅಧಿವೇಶನಗಳಲ್ಲಿ.

ಸದನದೊಳಗಿನ ದಾರಿಗಳು

2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಹೊಸನಗರ ವಿಧಾನಸಭಾ ಕ್ಷೇತ್ರವು ರದ್ದಾಗಿ, ತಾಲ್ಲೂಕು ಸಾಗರ ಮತ್ತು ತೀರ್ಥಹಳ್ಳಿ ಕ್ಷೇತ್ರಗಳಿಗೆ ಹಂಚಿಹೋಯಿತು. ತಾಲ್ಲೂಕಿಗೆ ಸ್ವಂತ ಶಾಸಕರಿಲ್ಲವೆಂಬ ಕೊರಗು ಅಂದಿನಿಂದಲೂ ಇದೆ. ಆದರೆ ಲೆಕ್ಕದ ಪುಸ್ತಕವನ್ನು ಇನ್ನೊಂದು ಬದಿಯಿಂದ ನೋಡಿದರೆ ಚಿತ್ರ ಬದಲಾಗುತ್ತದೆ. ತಾಲ್ಲೂಕಿನ ಪರವಾಗಿ ಮಾತನಾಡಬೇಕಾದ ಶಾಸಕರು ಇಬ್ಬರು. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ ಪದವೀಧರರಿಗೆ 7, ಶಿಕ್ಷಕರಿಗೆ 7, ಸ್ಥಳೀಯ ಸಂಸ್ಥೆಗಳಿಗೆ 25 ಮೀಸಲು. ಶಿವಮೊಗ್ಗ ಜಿಲ್ಲೆಯು ನೈರುತ್ಯ ಪದವೀಧರ ಮತ್ತು ನೈರುತ್ಯ ಶಿಕ್ಷಕರ ಕ್ಷೇತ್ರಗಳ ವ್ಯಾಪ್ತಿಗೆ ಬರುತ್ತದೆ. ಸ್ಥಳೀಯ ಸಂಸ್ಥೆಗಳ ಕ್ಷೇತ್ರದಲ್ಲಿ ಗ್ರಾಮ ಪಂಚಾಯಿತಿಯ ಸದಸ್ಯರೇ ಮತದಾರರು. ಒಟ್ಟಿನಲ್ಲಿ ರಿಪ್ಪನ್‌ಪೇಟೆ ಸುತ್ತಿನ ಕಾಲೇಜುಗಳ ಬಗ್ಗೆ ಸದನದಲ್ಲಿ ಎದ್ದು ನಿಲ್ಲಬಹುದಾದವರು ಐವರು.

ಸಂವಿಧಾನದ 203ನೆಯ ವಿಧಿಯಂತೆ ಅನುದಾನದ ಬೇಡಿಕೆಗಳಿಗೆ ಮತ ನೀಡುವ ಅಧಿಕಾರ ವಿಧಾನಸಭೆಗೆ ಮಾತ್ರ. ಅಲ್ಲಿ ಸದಸ್ಯರು ಖೋತಾ ಸೂಚನೆಯನ್ನು ಮಂಡಿಸಬಹುದು. ಹೆಸರು ಕಡಿತದ್ದಾದರೂ, ಬೇಡಿಕೆಯಿಂದ 100 ರೂಪಾಯಿ ಕಡಿಮೆ ಮಾಡಬೇಕೆಂಬ ಸಾಂಕೇತಿಕ ಸೂಚನೆಯ ಉದ್ದೇಶ ನಿರ್ದಿಷ್ಟ ಕುಂದುಕೊರತೆಯೊಂದನ್ನು ಚರ್ಚೆಗೆ ತರುವುದೇ. ಮತಾಧಿಕಾರವಿಲ್ಲದ ಪರಿಷತ್ತಿನಲ್ಲಿಯೂ ಆಯವ್ಯಯದ ಮೇಲೆ ಚರ್ಚೆ ನಡೆಯುತ್ತದೆ. ಚುಕ್ಕೆ ಗುರುತಿನ ಪ್ರಶ್ನೆ ಕೇಳಬಹುದು. ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದವು ಎಷ್ಟು, ಬಿಡುಗಡೆಯಾದ ಹಣವೆಷ್ಟು ಎಂಬ ಮೂರು ಸಾಲಿನ ಪ್ರಶ್ನೆಗೆ ಸಚಿವರು ಸದನದಲ್ಲಿ ನೀಡುವ ಉತ್ತರವು ಹತ್ತು ಮನವಿಪತ್ರಗಳಿಗಿಂತ ಬೆಲೆಯುಳ್ಳ ದಾಖಲೆಯಾಗುತ್ತದೆ.

ಪದವೀಧರ ಕ್ಷೇತ್ರದ ಮತದಾರರಾಗಲು ಪದವಿ ಪಡೆದು ಮೂರು ವರ್ಷ ಕಳೆದಿರಬೇಕು ಮತ್ತು ಹೆಸರು ನೋಂದಾಯಿಸಿರಬೇಕು. ವಿಧಾನಸಭೆಯ ಪಟ್ಟಿಯಂತೆ ಇದು ತಾನಾಗಿ ಮುಂದುವರಿಯುವುದಿಲ್ಲ. ಪ್ರತಿ ಚುನಾವಣೆಗೆ ಹೊಸದಾಗಿ ಅರ್ಜಿ ಸಲ್ಲಿಸಬೇಕು. 2024ರ ಜೂನ್‌ನಲ್ಲಿ ನೈರುತ್ಯ ಕ್ಷೇತ್ರಗಳಿಗೆ ಚುನಾವಣೆ ನಡೆಯಿತು. ಬಿ.ಕಾಂ. ಓದಿ ತಂದೆಯ ಅಂಗಡಿಯಲ್ಲಿ ಕುಳಿತ ಯುವ ವರ್ತಕರಲ್ಲಿ ಎಷ್ಟು ಮಂದಿ ಆ ಪಟ್ಟಿಯಲ್ಲಿದ್ದರು ಎಂದು ಪ್ರತಿ ಊರಿನ ವರ್ತಕರ ಸಂಘವೂ ತನ್ನನ್ನೇ ಕೇಳಿಕೊಳ್ಳಬಹುದು.

ಕೇಳಿದ್ದೆಲ್ಲ ದೊರೆಯುತ್ತದೆಂಬ ಭ್ರಮೆ ಬೇಡ. ಅಮೆರಿಕದಲ್ಲಿ ಅಧ್ಯಕ್ಷ ಒಬಾಮ ಅವರು 2009ರಲ್ಲಿ ಸಮುದಾಯ ಕಾಲೇಜುಗಳಿಗೆ 1,200 ಕೋಟಿ ಡಾಲರಿನ ಯೋಜನೆ ಪ್ರಕಟಿಸಿದರು. 2010ರಲ್ಲಿ ಶಾಸನ ರೂಪ ತಾಳಿದಾಗ ಉಳಿದದ್ದು 200 ಕೋಟಿ ಡಾಲರ್. ಆದರೆ ಆ ಭಾಗವಾದರೂ ಉಳಿಯಿತು.

ಕೇಳುವವರ ಪಾಲು

ಬರಿಗೈಯಲ್ಲಿ ಹೋಗಿ ಕೇಳುವುದಕ್ಕೂ ತನ್ನ ಪಾಲನ್ನು ಕೈಯಲ್ಲಿ ಹಿಡಿದು ಕೇಳುವುದಕ್ಕೂ ಅಂತರವಿದೆ. ಸರ್ಕಾರಿ ಕಾಲೇಜುಗಳ ಅಭಿವೃದ್ಧಿ ಸಮಿತಿಗೆ ಸ್ಥಳೀಯ ಶಾಸಕರೇ ಅಧ್ಯಕ್ಷರು. ಶಾಸಕರ ಪ್ರದೇಶಾಭಿವೃದ್ಧಿ ನಿಧಿಯಿಂದ ಕೊಠಡಿ, ಪೀಠೋಪಕರಣ ಒದಗಬಹುದು, ಸಂಬಳ ಒದಗದು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿಯು 2013ರ ಕಂಪನಿ ಕಾಯ್ದೆಯ 135ನೆಯ ಪ್ರಕರಣದಂತೆ 5 ಕೋಟಿ ರೂಪಾಯಿ ನಿವ್ವಳ ಲಾಭದಂತಹ ಮಿತಿಗಳನ್ನು ದಾಟಿದ ಕಂಪನಿಗಳಿಗೆ ಕಡ್ಡಾಯ. ಮಲೆನಾಡಿನ ಪೇಟೆಗಳಲ್ಲಿ ಅಂತಹ ಕಂಪನಿಗಳನ್ನು ಹುಡುಕಬೇಕಷ್ಟೆ.

ಸಣ್ಣ ವರ್ತಕರ ಬಳಿ ಇರುವುದು ಕೆಲಸ ಕಲಿಸುವ ಶಕ್ತಿ. 1961ರ ಶಿಷ್ಯವೃತ್ತಿ ಕಾಯ್ದೆಯ ನಿಯಮಗಳು 2019ರಲ್ಲಿ ಸಡಿಲಗೊಂಡ ನಂತರ 30 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಷ್ಯರನ್ನು ತೆಗೆದುಕೊಳ್ಳುವುದು ಕಡ್ಡಾಯ. ನಾಲ್ಕು ನೌಕರರಿರುವ ಅಂಗಡಿಯೂ ಇಷ್ಟಪಟ್ಟರೆ ತೆಗೆದುಕೊಳ್ಳಬಹುದು. 2024–25ರಿಂದ ರಾಜ್ಯದ ಆಯ್ದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಶಿಷ್ಯವೃತ್ತಿಯನ್ನು ಒಳಗೊಂಡ ಪದವಿಗಳೂ ಆರಂಭವಾದವು. ಅಡಿಕೆ ಮಾರಾಟ ಸಹಕಾರ ಸಂಘ, ಅಕ್ಕಿ ಗಿರಣಿ, ಗೊಬ್ಬರದ ಅಂಗಡಿ, ಲೆಕ್ಕಪತ್ರ ಕಚೇರಿಗಳು ತಲಾ ಇಬ್ಬರನ್ನು ತೆಗೆದುಕೊಳ್ಳುವೆವೆಂದು ಬರೆದುಕೊಟ್ಟರೆ, ಅಂತಹ ಪದವಿ ಈ ಊರಿಗೂ ಬೇಕೆಂಬ ಮನವಿಗೆ ತೂಕ ಬರುತ್ತದೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ.

ವರ್ತಕರ ಸಂಘಗಳು ಈ ವರ್ಷ ಮಾಡಬಹುದಾದ ಮೊದಲ ಕೆಲಸ ಚಿಕ್ಕದು. ತಮ್ಮೂರಿನ ಕಾಲೇಜಿಗೆ ಹೋಗಿ ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ವಿದ್ಯಾರ್ಥಿ ಸಂಖ್ಯೆ, ಕಳೆದ ಮೂರು ವರ್ಷಗಳಲ್ಲಿ ಬಂದ ಅನುದಾನ, ಸುತ್ತಲಿನ ಅಂಗಡಿ ಸಂಘಗಳಲ್ಲಿ ಕೆಲಸ ಪಡೆದವರ ಸಂಖ್ಯೆ, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದುಕೊಳ್ಳುವುದು. ಆ ಹಾಳೆಯ ಐದು ಪ್ರತಿಗಳು ಐವರು ಶಾಸನಸಭಾ ಸದಸ್ಯರ ಕೈಸೇರಬೇಕು. ಆರನೆಯದು ದಸರೆಗೆ ಮೊದಲು ಇಲಾಖೆಗೆ ಹೋಗಬೇಕು. ಏಳನೆಯದು ಸಂಘದ ಕಡತದಲ್ಲಿ ಉಳಿದು, ಮುಂದಿನ ಮಾರ್ಚಿಯಲ್ಲಿ ಆಯವ್ಯಯದ ಸಂಪುಟ ಬಂದಾಗ ಬೇಡಿಕೆ ಸಂಖ್ಯೆ 17ರ ಪುಟದ ಪಕ್ಕದಲ್ಲಿಟ್ಟು ತಾಳೆ ನೋಡಲು ಬಳಕೆಯಾಗಬೇಕು.